ಕಿತ್ತುಕೊಂಡ ಉಸಿರು

ಫೆಬ್ರವರಿ 4, ಮಂಗಳವಾರ

ಕಂಪ್ರೆಸರ್ ಶೆಡ್ಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಸಿಲಿಂಡರುಗಳಿಗೆ ಗಾಳಿ ತುಂಬುವ ಯಂತ್ರ ಅರಚುತ್ತಿರುವಾಗ ಇಲ್ಲಿಗೆ ಯಾರೂ ಬರುವುದಿಲ್ಲ. ಬಂದರೂ ಮಾತು ಕೇಳಿಸುವುದಿಲ್ಲ. ನನಗೆ ಈಗ ಬೇಕಾಗಿರುವುದೂ ಅದೇ.

ಇವತ್ತು ನಾನು ಒಬ್ಬ ಹೆಂಗಸಿನ ಬಾಯಿಂದ ಉಸಿರು ಕಿತ್ತುಕೊಂಡೆ.

ಬರೆದೇಬಿಟ್ಟೆ. ಯಾರಿಗೂ ಹೇಳುವ ಧೈರ್ಯವಿಲ್ಲದವನಿಗೆ ಕಾಗದವೊಂದೇ ಗತಿ.

ಮುಳುಗಿದ ಹಡಗು ತೋರಿಸುವುದು ನಮ್ಮ ಮನೆಮಂದಿಯ ಕಸುಬು. ಹೆಂಡತಿ ಅಂಗಡಿಯ ಕೌಂಟರಿನಲ್ಲಿ ಕೂರುತ್ತಾಳೆ, ಭಾಮೈದ ದೋಣಿ ಓಡಿಸುತ್ತಾನೆ, ನಾನೂ ಮಗಳೂ ಬಂದವರನ್ನು ನೀರಿಗಿಳಿಸುತ್ತೇವೆ. ಜೆಟ್ಟಿಯಲ್ಲಿ ನನ್ನನ್ನು ಮೊಸಳೆ ಎನ್ನುತ್ತಾರೆ. ಆ ಹೆಸರಿಗೆ ಒಳಗೊಳಗೇ ಉಬ್ಬಿದವನು ನಾನು. ಹೆದರಿ ಏಣಿ ಹಿಡಿದು ನಿಂತವರಿಗೆ “ಮೀನು ನೋಡೋಕೆ ಗಾಜಿನ ತೊಟ್ಟಿ ಸಿಗುತ್ತೆ, ಕೊಂಡ್ಕೊಳ್ಳಿ, ಮನೇಲೇ ಕೂತು ನೋಡ್ಬಹುದು” ಎಂದು ಹೇಳಿ ದೋಣಿಯವರನ್ನೆಲ್ಲ ನಗಿಸುತ್ತಿದ್ದವನೂ ನಾನೇ.

ಟೈಲರಮ್ಮ ಹೋದ ವಾರ ಬಂದರು. ಅರವತ್ತರ ಹತ್ತಿರದವರು. ಬೇರೆ ಊರಲ್ಲಿ ಹೊಲಿಗೆ ಅಂಗಡಿ ಇದೆ, ಇಲ್ಲಿ ತಂಗಿಯ ಮನೆಗೆ ಬಂದಿದ್ದಾರೆ. ನಮ್ಮ ಹಡಗಿನ ಸರಕು ಕೋಣೆಯಲ್ಲಿ ಹೊಲಿಗೆ ಯಂತ್ರಗಳಿವೆ ಎಂದು ಯಾರೋ ಹೇಳಿದರಂತೆ. “ಈಜು ಬರುತ್ತೆ ಸಾರ್. ಮಿಕ್ಕಿದ್ದು ನೀವು ಕಲಿಸಿ” ಅಂದರು. ಕಲಿಸಿದೆ. ಚುರುಕಾಗಿ ಕಲಿತರು.

ಹೊಸಬರನ್ನು ಹಡಗಿನ ಒಳಗೆ ಕರೆದೊಯ್ಯುವಂತಿಲ್ಲ. ಆ ನಿಯಮ ಮಾಡಿದವನು ನಾನೇ. ಹೊರಗಿನಿಂದ ಒಂದು ಸುತ್ತು ಹಾಕಿಸಿ, ಸರಕು ಕೋಣೆಯ ಬಾಯಲ್ಲಿ ನಿಂತು ಟಾರ್ಚ್ ಬಿಟ್ಟು ತೋರಿಸುವುದು ಎಂದು ಮಾತಾಗಿತ್ತು. ಇವತ್ತು ಅಲ್ಲಿ ನಿಂತಾಗ ಅವರು ಒಳಗೆ ಬೆರಳು ಮಾಡಿ ನನ್ನ ಮುಖ ನೋಡಿದರು. ಆಗದು ಎಂದು ಕೈಯಾಡಿಸಬೇಕಿತ್ತು. ಮೊಸಳೆಗೆ ಯಾವ ನಿಯಮ? ಬನ್ನಿ ಎಂದೆ.

ಒಳಗೆ ಹೋದ ಸ್ವಲ್ಪ ಹೊತ್ತಿಗೇ ಅವರ ಕಾಲಿನ ರೆಕ್ಕೆ ತಳಕ್ಕೆ ಬಡಿದು ಹೂಳು ಎದ್ದಿತು. ಟಾರ್ಚಿನ ಬೆಳಕು ಹಾಲು ಕದಡಿದಂತಾಯಿತು. ತಿರುಗಿದೆ. ಯಾವುದೋ ತಂತಿ ನನ್ನ ಗಾಳಿಯ ಕೊಳವೆಗೆ ಸಿಕ್ಕಿ, ಬಾಯಲ್ಲಿ ಕಚ್ಚಿಕೊಂಡಿದ್ದ ರೆಗ್ಯುಲೇಟರನ್ನು ಎಳೆದುಬಿಟ್ಟಿತು. ಬಲಗೈಯನ್ನು ಹಿಂದಕ್ಕೆ ಬೀಸಿ ಮುಂದೆ ತಂದರೆ ಅದು ತಾನಾಗಿ ಕೈಗೆ ಬರುತ್ತದೆ. ಎಷ್ಟೋ ಜನರಿಗೆ ಕಲಿಸಿದ್ದೇನೆ. ಆ ಹೊತ್ತಿನಲ್ಲಿ ಅದು ನೆನಪಿಗೇ ಬರಲಿಲ್ಲ. ಎದುರಿಗೆ ಮಂದವಾಗಿ ಅವರ ಮುಖ ಕಂಡಿತು, ಗುಳ್ಳೆಗಳು ಕಂಡವು. ಗಾಳಿ ಅಲ್ಲಿದೆ ಎಂದಷ್ಟೇ ಹೊಳೆಯಿತು. ಕೈ ಚಾಚಿ ಅವರ ಬಾಯಿಂದ ಕಿತ್ತೆ.

ಅವರು ತಮ್ಮ ಜಾಕೆಟ್ಟಿನ ಹಳದಿ ಬಣ್ಣದ ಸ್ಪೇರ್ ರೆಗ್ಯುಲೇಟರ್ ಹುಡುಕಿ ಕಚ್ಚಿಕೊಂಡರು. ನನ್ನ ಭುಜದ ಪಟ್ಟಿ ಬಿಗಿಯಾಗಿ ಹಿಡಿದರು. ಬೆಳಕು ಕಂಡ ಕಡೆಗೆ ಒಬ್ಬರಿಗೊಬ್ಬರು ಅಂಟಿಕೊಂಡು ಹೊರಗೆ ಬಂದೆವು. ಅಲ್ಲಿ ನನ್ನದು ನನಗೆ ಸಿಕ್ಕಿತು, ಅವರದನ್ನು ಹಿಂದಿರುಗಿಸಿದೆ.

ದೋಣಿ ಹತ್ತಿದಾಗ ಅವರ ತುಟಿ ಒಡೆದು ರಕ್ತ ಬರುತ್ತಿತ್ತು. ಭಾಮೈದ ಟವೆಲ್ ಕೊಟ್ಟು, “ಹೆದರ್ಕೊಂಡ್ರಾ ಅಮ್ಮಾ? ಮೊದಲನೇ ಸಲ ಎಲ್ರಿಗೂ ಹಾಗೇ” ಅಂದ.

ನಾನು ಆಗ ಹೇಳಿದ್ದನ್ನು ಬರೆಯದೆ ಪುಟ ಮುಗಿಸುವಂತಿಲ್ಲ. “ಪರವಾಗಿಲ್ಲ ಬಿಡು, ಈಗ ಸರಿಹೋದ್ರು” ಅಂದೆ.

ಅವರು ನನ್ನ ಕಡೆ ಒಮ್ಮೆ ನೋಡಿ, ಟವೆಲನ್ನು ಬಾಯಿಗೆ ಒತ್ತಿಕೊಂಡು ದಡದತ್ತ ಮುಖ ಮಾಡಿದರು.


ಫೆಬ್ರವರಿ 5, ಬುಧವಾರ

ಭಾಮೈದನ ಬಾಯಿಗೆ ಬೀಗವಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಜೆಟ್ಟಿಯಲ್ಲೆಲ್ಲ ಹಬ್ಬಿದೆ: ವಯಸ್ಸಾದ ಹೆಂಗಸೊಬ್ಬರು ನೀರೊಳಗೆ ಗಾಬರಿಯಾಗಿ ಕೈಕಾಲು ಬಡಿದರಂತೆ, ಮೊಸಳೆ ತನ್ನ ಗಾಳಿಯನ್ನೇ ಅವರಿಗೆ ಕೊಟ್ಟು ಎತ್ತಿಕೊಂಡು ಬಂದನಂತೆ. ಎತ್ತಿಕೊಂಡು! ಡೀಸೆಲ್ ಬಂಕಿನವನು ಎದ್ದು ನಿಂತು ಕೈ ಕುಲುಕಿದ. ಕೈ ಕೊಟ್ಟೆ. ಕೊಡದೆ ಏನು ಮಾಡಲಿ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನದು ಅದಕ್ಕಿಂತ ಕೆಟ್ಟ ಪಾಡು, ಹೆಗಲು ತಟ್ಟಿ ಹೊಗಳುತ್ತಿದ್ದಾರೆ.

ಮಧ್ಯಾಹ್ನ ಮಗಳು ನನ್ನ ರೆಗ್ಯುಲೇಟರನ್ನು ತಿರುಗಿಸಿ ನೋಡುತ್ತಿದ್ದಳು. ಕೊಳವೆಯ ಮೇಲೆ ತಂತಿ ಗೀರಿದ ಗುರುತಿತ್ತು.

“ಅಪ್ಪಾ, ಹಡಗಿನ ಒಳಗೆ ಹೋಗಿದ್ರಾ?”

“ಇಲ್ಲ.”

“ಮತ್ತೆ ಇದು?”

“ಹಳೇದು.”

ಅವಳು ಕೊಳವೆ ಬಿಚ್ಚಿ ಹೊಸದು ಹಾಕಿದಳು.


ಫೆಬ್ರವರಿ 7, ಶುಕ್ರವಾರ

ಕಿವಿ ನೋವು ಎಂದು ಹೇಳಿ ನೀರಿಗೆ ಇಳಿಯಲಿಲ್ಲ. ನಿನ್ನೆಯೂ ಇಳಿದಿಲ್ಲ.

“ಮೊಸಳೆ ಕಣ್ಣೀರು ಕೇಳಿದ್ದೆ, ಮೊಸಳೆಗೆ ಕಿವಿನೋವು ಇದೇ ಮೊದಲು” ಎಂದು ನಕ್ಕಳು ಹೆಂಡತಿ. ನಕ್ಕವಳೇ ಸಂತೆಗೆ ಹೊರಟಿದ್ದನ್ನು ಬಿಟ್ಟು ಔಷಧಿ ತಂದಳು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ಆಗದ ಕಿವಿಗೆ ಹನಿ ಹನಿಯಾಗಿ ಬಿಟ್ಟಳು. “ಅಲ್ಲಾಡ್ಬೇಡಿ. ಮಗೂಗಿಂತ ಕಡೆ” ಅಂದಳು.

ಅಲ್ಲಾಡದೆ ಮಲಗಿದ್ದೆ. ಗೋಡೆ ನೋಡುತ್ತಿದ್ದೆ.


ಫೆಬ್ರವರಿ 10, ಸೋಮವಾರ

ಕಿವಿ ನೋವಿದ್ದವನು ಕಲಿಕೆಯ ಕೊಳದಲ್ಲಿ ನಿಲ್ಲಬಹುದಲ್ಲ ಎಂದಳು ಹೆಂಡತಿ. ಎದೆಮಟ್ಟದ ನೀರು. ತಪ್ಪಿಸಿಕೊಳ್ಳಲು ನೆಪ ಸಿಗಲಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟಾದ ಆಸಾಮಿಯೊಬ್ಬ ಬಂದಿದ್ದ. ಮಾಸ್ಕಿನೊಳಗೆ ಒಂದು ತೊಟ್ಟು ನೀರು ನುಗ್ಗಿದರೆ ಸಾಕು, ಚಿಮ್ಮಿ ಎದ್ದು ಮೂಗು ಹಿಡಿದುಕೊಳ್ಳುತ್ತಾನೆ. ನಾಲ್ಕನೆಯ ಸಲವೂ ಹಾಗೇ ಆದಾಗ ನನ್ನ ಹಳೆಯ ಗಾಜಿನ ತೊಟ್ಟಿಯ ಮಾತು ನಾಲಿಗೆಗೆ ಬಂತು. “ಮೀನು ನೋಡೋಕೆ…” ಎಂದವನು ಮುಂದೆ ಹೇಳಲಾರದೆ ನಿಂತೆ.

“ಮೀನು ನೋಡೋಕೆ ಏನು ಸಾರ್?” ಅಂದ.

“ಮೀನು ನೋಡೋಕೆ ನಾಳೆ ಬನ್ನಿ” ಎಂದು ಕಳಿಸಿಬಿಟ್ಟೆ.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಬರೆಯುವ ಮನಸ್ಸಿಲ್ಲ.


ಫೆಬ್ರವರಿ 12, ಬುಧವಾರ

ಟೈಲರಮ್ಮ ಊರಿಗೆ ಹೋಗಿಲ್ಲ! ಹೋಗಿರುತ್ತಾರೆ ಎಂದುಕೊಂಡೇ ಇಷ್ಟು ದಿನ ಬೀದಿಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದೆ. ಔಷಧಿ ಅಂಗಡಿಯ ಎದುರು ತಂಗಿಯ ಜೊತೆ ನಿಂತಿದ್ದರು. ಕುತ್ತಿಗೆಯಲ್ಲಿ ಅಳತೆ ಟೇಪು. ಎಲ್ಲಿ ಹೋದರೂ ಅದು ಇರುತ್ತದೆಯೋ ಏನೋ.

ನನ್ನನ್ನು ನೋಡುವ ಮೊದಲೇ ಪಕ್ಕದ ಅಂಗಡಿಗೆ ನುಗ್ಗಿದೆ. ಅದು ಕೊಡೆ ಅಂಗಡಿ. ಒಂದು ಮೋಡವಿಲ್ಲ, ಮಳೆಗಾಲ ಎಲ್ಲೋ ಇದೆ. ಅಂಗಡಿಯವನಿಗೆ ನನ್ನನ್ನು ನೋಡಿ ಆದ ಸಂತೋಷ ಹೇಳತೀರದು. ಒಂದೊಂದನ್ನೇ ಬಿಚ್ಚಿ ತೋರಿಸಿದ. ಬಿಚ್ಚಿದ ಕೊಡೆಯ ಹಿಂದೆ ಮುಖ ಮರೆಸಿಕೊಂಡು, ಬಟ್ಟೆ ಗಟ್ಟಿಯಿದೆಯೇ ಎಂದು ಮುಟ್ಟಿ ನೋಡುತ್ತ, ಅವರು ಹೋಗುವವರೆಗೂ ನಿಂತಿದ್ದೆ. ಕೊನೆಗೆ ನಾಚಿಕೆಗೆ ಒಂದನ್ನು ಕೊಂಡುಕೊಂಡೆ.

ಸಮುದ್ರದ ತಳದಲ್ಲಿ ಓಡಾಡಿದ ಗಂಡಸು. ಹೊಲಿಗೆ ಹಾಕುವ ಅಮ್ಮನಿಗೆ ಹೆದರಿ ಕೊಡೆಯ ಹಿಂದೆ.


ಫೆಬ್ರವರಿ 13, ಗುರುವಾರ

ಎಲ್ಲಿಂದ ಶುರುಮಾಡಲಿ.

ಅಂಗಡಿಯ ಹಿಂದೆ ನೀರಿನ ಉಡುಪುಗಳನ್ನು ತೊಳೆದು ಹಗ್ಗಕ್ಕೆ ಹಾಕುತ್ತಿದ್ದೆ. ಹಿಂದಿನಿಂದ ದನಿ ಬಂತು. “ಈ ಹೊಲಿಗೆ ಯಾರು ಹಾಕಿದ್ದು? ಕಾಲಲ್ಲಿ ಹೊಲಿದ ಹಾಗಿದೆ.”

ಟೈಲರಮ್ಮ ಉಡುಪೊಂದರ ಕಂಕುಳನ್ನು ಹಿಂದುಮುಂದು ಮಾಡಿ ನೋಡುತ್ತಿದ್ದರು. ತುಟಿಯ ಗಾಯ ಒಣಗಿ ಕಪ್ಪಾಗಿತ್ತು. ಈ ಸಲ ನುಗ್ಗಲು ಅಂಗಡಿ ಇರಲಿಲ್ಲ.

“ನಾನೇ ಹಾಕಿದ್ದು” ಅಂದೆ.

“ಅದಕ್ಕೇ.”

ಇಷ್ಟು ದಿನ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡ ಮಾತುಗಳು ಒಮ್ಮೆಲೇ ಹೊರಬಿದ್ದವು. ನನಗೆ ಎಷ್ಟು ನಾಚಿಕೆಯಾಗಿದೆ, ಕನ್ನಡಿ ನೋಡಲಾಗುತ್ತಿಲ್ಲ, ಹೆಂಡತಿಯ ಮುಂದೆ ಸುಳ್ಳು ಹೇಳಿದೆ, ಜನ ಹೊಗಳಿದರೆ ಮೈಗೆ ಬೆಂಕಿ ಬಿದ್ದಂತಾಗುತ್ತದೆ, ಇಪ್ಪತ್ತು ವರ್ಷದ ಹೆಸರು ಒಂದೇ ಗಳಿಗೆಯಲ್ಲಿ ಹೋಯಿತು, ನನ್ನಂಥವನು ಬದುಕಿದ್ದೇನು ಪ್ರಯೋಜನ. ಬಹಳ ಹೇಳಿದೆ. ಹೇಳುತ್ತ ಕಣ್ಣೂ ಒದ್ದೆಯಾಯಿತು. ಚೆನ್ನಾಗಿ ಹೇಳುತ್ತಿದ್ದೇನೆ ಎಂದು ಒಳಗೆಲ್ಲೋ ಅನ್ನಿಸಿತು ಕೂಡ.

ಅವರು ಕೊನೆಯವರೆಗೂ ಕೇಳಿದರು.

“ಮುಗೀತಾ?”

“ಹ್ಞೂಂ.”

“ಎಲ್ಲಾ ನಿಂದೇ ಆಯ್ತಲ್ಲಪ್ಪಾ. ನನಗೇನಾಯ್ತು ಅಂತ ಒಂದು ಮಾತು ಕೇಳಿದ್ಯಾ?”

ಅಲ್ಲಿಯವರೆಗೂ ಸಾರ್ ಎನ್ನುತ್ತಿದ್ದವರು. ನನ್ನ ಕೈಯಲ್ಲಿದ್ದ ಉಡುಪಿನಿಂದ ನೀರು ಕಾಲಿನ ಮೇಲೆ ಸುರಿಯುತ್ತಿತ್ತು.

“ಅವತ್ತಿನಿಂದ ಮಲಗಿದ್ರೆ ಉಸಿರು ಕಟ್ಟತ್ತೆ. ದಿಂಬು ಒರಗಿಸ್ಕೊಂಡು ಕೂತೇ ತೂಕಡಿಸ್ತೀನಿ. ಮೊನ್ನೆ ತಂಗಿ ಮೊಮ್ಮಗು ಆಟಕ್ಕೆ ಬಾಯಿಗೆ ಕೈ ಹಾಕ್ತು. ತಳ್ಳಿಬಿಟ್ಟೆ. ಮಗೂನ ತಳ್ಳಿಬಿಟ್ಟೆ ಕಣಪ್ಪಾ. ಎಲ್ರೂ ನನ್ನೇ ನೋಡಿದ್ರು.”

 “ಅವತ್ತು ನೀವು ಅಷ್ಟು ಧೈರ್ಯವಾಗಿ ನನ್ನನ್ನ ಹಿಡ್ಕೊಂಡು…” ಅಂದೆ.

“ಎಲ್ಲಿ ಧೈರ್ಯ? ಆ ಹಳದಿದು ಮೊದಲು ಕೈಗೇ ಸಿಗಲಿಲ್ಲ. ನೀರು ಕುಡಿದೆ. ಸತ್ತೆ ಅಂದ್ಕೊಂಡೆ. ಸಿಕ್ಕಿದ ಮೇಲೆ ನಿನ್ನ ಪಟ್ಟಿ ಯಾಕೆ ಹಿಡ್ಕೊಂಡೆ ಗೊತ್ತಾ? ಕಾಪಾಡೋಕಲ್ಲ. ಬಿಟ್ರೆ ಓಡಿಹೋಗ್ತೀಯ, ನನಗೆ ದಾರಿ ಗೊತ್ತಿಲ್ಲ ಅಂತ. ಮೇಲೆ ಬಂದ್ರೆ ನೀನು ಎಲ್ರ ಮುಂದೆ ‘ಈಗ ಸರಿಹೋದ್ರು’ ಅಂತೀಯ.”

ಇಷ್ಟು ದಿನ ಅವರನ್ನು ನಾನು ನನ್ನ ಸೋಲಿಗೆ ಸಾಕ್ಷಿಯೆಂದು ಮಾತ್ರ ನೋಡಿದ್ದೆ. ಆ ನೀರಿನಲ್ಲಿ ಇನ್ನೊಂದು ಜೀವ ಇತ್ತೆಂಬುದು ನನ್ನ ನಾಚಿಕೆಯ ಲೆಕ್ಕಕ್ಕೇ ಬಂದಿರಲಿಲ್ಲ. ನಾಚಿಕೆಯಲ್ಲೂ ಮೊಸಳೆಯೇ ದೊಡ್ಡದು.

“ನಾನೇನು ಮಾಡ್ಲಿ ಹೇಳಿ ಅಮ್ಮಾ” ಅಂದೆ.

“ಊರಿಗೆ ಹೊರಟಿದ್ದೆ. ಹೀಗೇ ಹೋದ್ರೆ ಇದು ನನ್ನ ಜೊತೇನೇ ಬರುತ್ತೆ. ಆ ಕೊಳದಲ್ಲಿ ಇಳಿಯೋಣ. ನನ್ನ ಬಾಯಲ್ಲಿರೋದನ್ನ ನೀನು ಕೇಳ್ಬೇಕು. ಕಿತ್ಕೋಬಾರದು. ಕೇಳ್ಬೇಕು, ನಾನು ಕೊಡ್ಬೇಕು.”

ಹೋಗುವಾಗ ಆ ಉಡುಪನ್ನು ಹೆಗಲಿಗೆ ಹಾಕಿಕೊಂಡು ಹೋದರು. ಹೊಲಿಗೆ ನೋಡಿ ಸಹಿಸಲಾಗಲಿಲ್ಲವಂತೆ.


ಫೆಬ್ರವರಿ 16, ಭಾನುವಾರ

ಬೆಳಿಗ್ಗೆ ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ಇಬ್ಬರೂ ತಳದಲ್ಲಿ ಮೊಣಕಾಲೂರಿ ಎದುರುಬದುರು ಕುಳಿತೆವು. ತಲೆಯ ಮೇಲೆ ಒಂದು ಗೇಣು ನೀರು ಇರಬೇಕು, ಅಷ್ಟೆ. ಎದ್ದು ನಿಂತರೆ ಎದೆಯವರೆಗೆ ನೀರು, ಮೇಲೆ ಬಿಸಿಲು. ಆದರೂ ಅವರು ಹಳದಿಯದು ಕೈಗೆ ಸಿಗುತ್ತದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡರು. ನಾನೂ ನನ್ನದನ್ನು ಮುಟ್ಟಿ ನೋಡಿಕೊಂಡೆ.

ನನ್ನ ರೆಗ್ಯುಲೇಟರ್ ತೆಗೆದೆ. ಗಂಟಲ ಮೇಲೆ ಅಡ್ಡಡ್ಡ ಕೈ ಆಡಿಸಿದೆ, ಗಾಳಿ ಇಲ್ಲ ಎಂದು. ಬಾಯಿಯ ಕಡೆ ಬೆರಳು ತೋರಿಸಿದೆ, ಕೊಡಿ ಎಂದು. ಇಷ್ಟು ವರ್ಷ ಈ ಸನ್ನೆಗಳನ್ನು ಕಲಿಸಿದ್ದೇನೆ. ನಿಜವಾಗಿ ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ.

ಅವರು ಕೊಡಲಿಲ್ಲ. ನನ್ನನ್ನೇ ನೋಡುತ್ತ ಕುಳಿತರು. ಮಾಸ್ಕಿನ ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ನನ್ನ ಎದೆ ಬಿಗಿಯತೊಡಗಿತು. ಎದ್ದು ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಕೈ ಅವರತ್ತ ಹೋಗಬೇಕೆನ್ನುತ್ತಿತ್ತು, ತೊಡೆಯ ಕೆಳಗೆ ಒತ್ತಿ ಹಿಡಿದೆ. ಇನ್ನೊಮ್ಮೆ ಕೇಳಿದೆ.

ಆಗ ಅವರು ಉದ್ದವಾಗಿ ಉಸಿರೆಳೆದುಕೊಂಡು, ತಮ್ಮ ಬಾಯಿಂದ ತೆಗೆದು, ತಾವೇ ನನ್ನ ಬಾಯಿಗಿಟ್ಟರು. ಹಳದಿಯದನ್ನು ನಿಧಾನವಾಗಿ ಎತ್ತಿ ತಾವು ಕಚ್ಚಿಕೊಂಡರು.

ಅದನ್ನೇ ಮತ್ತೆ ಮತ್ತೆ ಮಾಡಿದೆವು. ಆಮೇಲೆ ಅವರು ಕೇಳಿದರು, ನಾನು ಕೊಟ್ಟೆ. ಕೊನೆಗೆ ಎದ್ದು ಮೆಟ್ಟಿಲ ಮೇಲೆ ಕುಳಿತಾಗ, “ಮೊದಲನೇ ಸಲ ಬೇಕಂತ್ಲೇ ತಡಮಾಡಿದೆ” ಅಂದರು.

“ಗೊತ್ತಾಯ್ತು.”

“ಕೆಟ್ಟದು ಅನ್ನಿಸ್ತಾ?”

“ಹ್ಞೂಂ.”

“ಅನ್ನಿಸ್ಲಿ” ಎಂದು ಕೂದಲು ಹಿಂಡಿಕೊಂಡರು. ಆಮೇಲೆ ಬೇರೆ ದನಿಯಲ್ಲಿ, “ಊರಿಗೆ ಹೋಗೋ ಮೊದಲು ಹಡಗು ಇನ್ನೊಂದ್ಸಲ ನೋಡ್ತೀನಿ” ಅಂದರು.

ನಾನು ಸಿಲಿಂಡರು ಬಿಚ್ಚತೊಡಗಿದೆ.


ಫೆಬ್ರವರಿ 17, ಸೋಮವಾರ

ಮಗಳಿಗೆ ಹೇಳಿದೆ. ಟೈಲರಮ್ಮನನ್ನು ಹಡಗಿಗೆ ನೀನು ಕರೆದುಕೊಂಡು ಹೋಗು, ನಾನು ಹಿಂದೆ ಬರುತ್ತೇನೆ ಎಂದು. ಯಾಕೆ ಎಂದಳು. ಹೇಳಲೇಬೇಕಾಯಿತು. ಒಳಗೆ ಹೋಗಿದ್ದು, ಹೂಳು, ತಂತಿ, ಕಿತ್ತಿದ್ದು.

ಅವಳು ಬೈದಿದ್ದರೆ ಹಗುರಾಗುತ್ತಿತ್ತು. “ಆ ತಂತಿ ಇನ್ನೂ ಅಲ್ಲೇ ಇದ್ಯಾ?” ಎಂದಳು.

“ಇದೆ.”

“ಎರಡು ವಾರದಿಂದ ನಾನು ಜನಾನ ಆ ಕಡೆ ಕರ್ಕೊಂಡು ಹೋಗ್ತಿದೀನಿ ಅಪ್ಪಾ.”

ಆ ದಿನಗಳಲ್ಲಿ ಅವಳ ಅಪ್ಪ ಕೊಡೆ ಕೊಳ್ಳುತ್ತಿದ್ದ.

ಮಧ್ಯಾಹ್ನವೇ ಅವಳು ಕಟ್ಟರ್ ತೆಗೆದುಕೊಂಡು ಇಳಿದು ತಂತಿ ಕತ್ತರಿಸಿ ಬಂದಳು. ನಾನೂ ಜೊತೆಗೆ ಇಳಿದೆ. ಅವಳು ಕರೆಯಲಿಲ್ಲ, ಬೇಡ ಅನ್ನಲೂ ಇಲ್ಲ. ನಾನು ಸರಕು ಕೋಣೆಯ ಬಾಯಲ್ಲಿ ಟಾರ್ಚ್ ಹಿಡಿದು ನಿಂತಿದ್ದೆ. ಒಳಗೆ ಅವಳ ಗುಳ್ಳೆಗಳ ಸದ್ದು ನಿಂತಿತೇನೋ ಅನ್ನಿಸಿದಾಗಲೆಲ್ಲ ನನ್ನದೂ ನಿಲ್ಲುತ್ತಿತ್ತು.


ಫೆಬ್ರವರಿ 19, ಬುಧವಾರ

ಬ್ಯಾಂಕಿನವನು ಮತ್ತೆ ಬಂದ. ಬೆಳಗೆಲ್ಲ ಅವನಿಗೇ ಹೋಯಿತು. ಕೊಳದ ಮೆಟ್ಟಿಲ ಮೇಲೆ ಕೂರಿಸಿ, “ಮಾಸ್ಕಿಗೆ ನೀರು ಬಂದಾಗ ಒಳಗೆ ಏನಾಗುತ್ತೆ, ಹೇಳಿ” ಅಂದೆ. ಚಿಕ್ಕಂದಿನಲ್ಲಿ ಅಣ್ಣ ಬಕೆಟ್ಟಿನಲ್ಲಿ ತಲೆ ಮುಳುಗಿಸಿದ್ದನಂತೆ, ಹೆಂಡತಿಗೂ ಹೇಳಿಲ್ಲವಂತೆ. ಹಾಗಾದರೆ ಇವತ್ತು ಮಾಸ್ಕೇ ಬೇಡ, ಮುಖ ಮಾತ್ರ ನೀರಿಗೆ ಇಡಿ, ಬೇಕಾದಾಗ ಎತ್ತಿ ಅಂದೆ. ನಾನೂ ಇಟ್ಟೆ. ಇಬ್ಬರೂ ಎಮ್ಮೆಗಳ ಹಾಗೆ ಮುಖ ಅದ್ದುತ್ತ ಎತ್ತುತ್ತ ಕುಳಿತಿದ್ದನ್ನು ಕಂಡು ಭಾಮೈದ ನಕ್ಕ.

ಕೈಬೆರಳೆಲ್ಲ ಸುಕ್ಕಾಗಿದೆ. ಕೆಲಸ ಏನೂ ಆಗಲಿಲ್ಲ. ಕೆಟ್ಟ ದಿನ.


ಫೆಬ್ರವರಿ 21, ಶುಕ್ರವಾರ

ಇವತ್ತು ಹಡಗಿಗೆ ಹೋದೆವು. ದೋಣಿಯಲ್ಲಿ ಟೈಲರಮ್ಮನಲ್ಲದೆ ಹೊಸ ಗಂಡಹೆಂಡತಿ ಒಂದು ಜೋಡಿ ಇತ್ತು. ಅವರು ನೀರಿಗಿಳಿಯುವವರಲ್ಲ, ದೋಣಿಯಲ್ಲೇ ಕುಳಿತು ನೋಡಲು ಬಂದವರು. ಭಾಮೈದನಿಗೆ ಕಥೆ ಕೇಳುವವರು ಸಿಕ್ಕರೆ ಸಾಕು.

ಮಗಳು ಮುಂದೆ, ಟೈಲರಮ್ಮ ನಡುವೆ, ನಾನು ಹಿಂದೆ. ನೀರು ತಿಳಿಯಾಗಿತ್ತು. ಹಡಗಿನ ಬೆನ್ನು ಕಂಡಾಗ ಟೈಲರಮ್ಮ ಹಿಂದೆ ತಿರುಗಿ ನಾನಿದ್ದೇನೆಯೇ ಎಂದು ನೋಡಿದರು. ನಾನೂ ಅವರು ಇದ್ದಾರೆಯೇ ಎಂದೇ ನೋಡುತ್ತಿದ್ದೆ. ಸರಕು ಕೋಣೆಯ ಹೊರಗೆ ಮಗಳು ನಿಂತು ಒಳಕ್ಕೆ ಟಾರ್ಚ್ ಬಿಟ್ಟಳು. ದೂರದಲ್ಲಿ ತುಕ್ಕು ಹಿಡಿದ ಒಂದು ಚಕ್ರ, ಅದರ ಕೆಳಗೆ ಕಬ್ಬಿಣದ ಕಾಲು. ಹೊಲಿಗೆ ಯಂತ್ರವೇ. ಅದರ ಮೇಲೆ ಪುಟ್ಟ ಮೀನುಗಳು ಗುಂಪಾಗಿ ನಿಂತಿದ್ದವು.

ಟೈಲರಮ್ಮ ಇನ್ನಷ್ಟು ಮುಂದೆ ಬಾಗಿದರು. ಅಷ್ಟರಲ್ಲಿ ಅವರ ಗುಳ್ಳೆಗಳು ಒತ್ತೊತ್ತಾಗಿ ಏಳತೊಡಗಿದವು. ಹೆದರಿದವರ ಉಸಿರು ಹಾಗೆಯೇ ಬರುತ್ತದೆ. ಪಕ್ಕಕ್ಕೆ ಹೋಗಿ ಅವರಿಗೆ ಕಾಣುವಂತೆ ಅಂಗೈ ಚಾಚಿದೆ, ನಾನಾಗಿ ಹಿಡಿಯಲಿಲ್ಲ. ಅವರೇ ನನ್ನ ಕೈ ಹಿಡಿದರು. ಹೆಬ್ಬೆರಳು ಎತ್ತಿ ಮೇಲಕ್ಕೆ ಎಂದರು. ಹೋಗೋಣ ಎಂದೆ. ನನಗೂ ಅದೇ ಬೇಕಿತ್ತು. ನಿಧಾನವಾಗಿ, ನಿಲ್ಲಬೇಕಾದಲ್ಲಿ ನಿಂತು, ಮೂವರೂ ಮೇಲೆ ಬಂದೆವು.

ದೋಣಿ ಹೊರಟಿತು. ಎಂಜಿನ್ನು ಗುಡುಗುತ್ತಿತ್ತು. “ಇಷ್ಟು ಬೇಗ ಬಂದ್ಬಿಟ್ರಾ?” ಎಂದು ಭಾಮೈದ ಕೂಗಿ ಕೇಳಿದ.

“ಹೆದರಿಕೆ ಆಯ್ತಪ್ಪ, ಬಂದ್ಬಿಟ್ಟೆ” ಎಂದರು ಟೈಲರಮ್ಮ, ಏನೂ ಸಂಕೋಚವಿಲ್ಲದೆ.

ಭಾಮೈದ ಹೊಸ ಜೋಡಿಯ ಕಡೆ ತಿರುಗಿ, “ಅವತ್ತೂ ಹಿಂಗೇ ಆಗಿದ್ದು. ಇವರು ಹೆದರಿ ಒದ್ದಾಡಿದ್ರು, ನಮ್ಮ ಭಾವ ತಮ್ಮ ಗಾಳಿನೇ ಕೊಟ್ಟು…” ಎಂದು ಶುರುಮಾಡಿದ. ಮಗಳು ನೆಲ ನೋಡಿದಳು. ಟೈಲರಮ್ಮ ತಲೆ ಒರೆಸಿಕೊಳ್ಳುತ್ತಿದ್ದರು. ಅವರು ಒಂದು ಮಾತು ಹೇಳಿದರೂ ಮುಗಿಯುತ್ತಿತ್ತು. ಹೇಳಲಿಲ್ಲ.

“ಅವತ್ತು ಹೆದರಿದ್ದು ನಾನು” ಅಂದೆ.

“ಏನಂದ್ರಿ ಭಾವಾ?” ಅವನು ಕಿವಿ ಮುಂದೆ ಮಾಡಿದ. ಕೇಳಿಸಲಿಲ್ಲವೆಂದು ತಲೆಯಾಡಿಸಿ ಎಂಜಿನ್ ಆರಿಸಿದ. ಆರಿಸಿದ್ದು ನನ್ನ ತಲೆಗೆ ಹೋಗಲೇ ಇಲ್ಲ. ಎದ್ದು ನಿಂತು, ಅಷ್ಟೂ ಗದ್ದಲದ ಮೇಲೆ ಕೇಳಿಸಬೇಕೆಂದು ಗಂಟಲು ಹರಿಯುವಂತೆ ಕೂಗಿದೆ: “ಅವತ್ತು ಹೆದರಿದ್ದು ನಾನು! ಇವರ ಬಾಯಿಂದ ಗಾಳಿ ಕಿತ್ಕೊಂಡಿದ್ದು ನಾನು! ಆಮೇಲೆ ಸುಳ್ಳು ಹೇಳಿದ್ದೂ ನಾನೇ!”

ದೋಣಿಗೆ ನೀರು ಬಡಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಭಾಮೈದನ ಬಾಯಿ ತೆರೆದೇ ಇತ್ತು. ಹೊಸ ಹೆಂಡತಿ ಗಂಡನ ತೋಳು ಹಿಡಿದುಕೊಂಡಿದ್ದಳು. ದೂರದಲ್ಲಿ ಬಲೆ ಎಳೆಯುತ್ತಿದ್ದ ಇನ್ನೊಂದು ದೋಣಿಯವರೂ ನಮ್ಮ ಕಡೆ ತಿರುಗಿ ನೋಡಿದರು. ನಾನು ಒದ್ದೆ ಉಡುಪಿನಲ್ಲಿ ನಡುದೋಣಿಯಲ್ಲಿ ನಿಂತಿದ್ದೆ. ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ.

ಟೈಲರಮ್ಮ ಟವೆಲನ್ನು ಮಡಚಿದರು.

“ಸಾಕು, ಕೇಳಿಸ್ತು” ಎಂದು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. “ಕೂತ್ಕೋ. ಬೀಳ್ತೀಯ.”